ತಾಳಿಯ ಪಿನ್ನು, ಅಡಕತ್ತರಿ ಮತ್ತು ಎಂಆರ್‌ಐ: ಓದುಗರ ಪ್ರಶ್ನೆಗಳಿಗೆ ಉತ್ತರ

ದೊಡ್ಡ ಆಯಸ್ಕಾಂತ ಮತ್ತು ರೇಡಿಯೋ ತರಂಗದಿಂದ ಮೈಯೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನಿಂಗ್ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಕೊಟ್ಟಿದ್ದೇವೆ. ಒಬ್ಬ ರೇಡಿಯಾಲಜಿ ವೈದ್ಯರು ಮತ್ತು ಒಬ್ಬ ಎಂಆರ್‌ಐ ಟೆಕ್ನಿಷಿಯನ್ ಸೇರಿ ಉತ್ತರಿಸಿದ್ದಾರೆ. ಓದುಗರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರ: ನಮ್ಮ ಅತ್ತೆಗೆ 68 ವರ್ಷ. ಪದೇಪದೇ ತಲೆಸುತ್ತು ಬರುತ್ತದೆಂದು ಡಾಕ್ಟರು ತಲೆಗೆ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಸೆಂಟರಿನವರು ತಾಳಿ, ಕಾಲುಂಗುರ ಎಲ್ಲ ತೆಗೆದಿಟ್ಟು ಬನ್ನಿ ಎಂದರು. ಮಾವನವರು ಇರುವಾಗ ತಾಳಿ ಬಿಚ್ಚುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಾರೆ. ಚಿನ್ನಕ್ಕೆ ಆಯಸ್ಕಾಂತ ಅಂಟುವುದಿಲ್ಲವಲ್ಲ, ಮತ್ತೆ ಯಾಕೆ ತೆಗೆಯಬೇಕು?
– ಕುವೆಂಪುನಗರ, ಮೈಸೂರು

ಉ: ಚಿನ್ನ ಅಂಟುವುದಿಲ್ಲ, ನಿಜ. ಆದರೆ ಅತ್ತೆಯವರ ಸರದಲ್ಲಿ ಚಿನ್ನವೊಂದೇ ಇದೆಯೇ, ಒಮ್ಮೆ ನೋಡಿ. ಸೆರಗಿಗೆ ಬೇಕಾಗುತ್ತದೆ, ಮುಳ್ಳು ತೆಗೆಯಲು ಬೇಕಾಗುತ್ತದೆ ಎಂದು ತಾಳಿ ಸರಕ್ಕೆ ಒಂದೆರಡು ಪಿನ್ನು ಸಿಕ್ಕಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಆ ಪಿನ್ನು ಉಕ್ಕಿನದು. ಯಂತ್ರದ ಬಾಯಿಗೆ ಹತ್ತಿರ ಬರುತ್ತಿದ್ದಂತೆ ಅದು ಸರವನ್ನೂ ಎಳೆದುಕೊಂಡು ಮುಖದ ಕಡೆಗೆ ನೆಟ್ಟಗೆ ನಿಲ್ಲುತ್ತದೆ. ಸರದ ಕೊಂಡಿಯ ಒಳಗೆ ಸ್ಪ್ರಿಂಗ್ ಇದ್ದರೆ ಅದೂ ಉಕ್ಕಿನದೇ ಇರಬಹುದು.

ಪಿನ್ನು ತೆಗೆದರೂ ಸರ ಇರುವಂತಿಲ್ಲ. ಯಂತ್ರ ಕೆಲಸ ಮಾಡುವಾಗ ಮೈಮೇಲೆ ರೇಡಿಯೋ ತರಂಗ ಬಿಡುತ್ತದೆ. ವಿದ್ಯುತ್ ಹರಿಯಬಲ್ಲ ಯಾವ ಲೋಹವಾದರೂ, ಅದರಲ್ಲೂ ಸುತ್ತಿಕೊಂಡು ಬಳೆಯಂತಿರುವ ಸರ, ಈ ತರಂಗ ಹಿಡಿದು ಬಿಸಿಯಾಗಬಹುದು. ಚರ್ಮ ಸುಟ್ಟ ಉದಾಹರಣೆಗಳಿವೆ. ಮೇಲಾಗಿ ಲೋಹವಿದ್ದ ಕಡೆ ಚಿತ್ರ ಸೊಟ್ಟಗಾಗುತ್ತದೆ ಅಥವಾ ಕಪ್ಪು ಕಲೆ ಬೀಳುತ್ತದೆ. ಕುತ್ತಿಗೆಯ ರಕ್ತನಾಳವನ್ನೂ ನೋಡಬೇಕಿದ್ದರೆ ಆ ಕಪ್ಪು ಕಲೆ ಸರಿಯಾಗಿ ಅಲ್ಲಿಯೇ ಕೂರುತ್ತದೆ.

ಅತ್ತೆಯವರನ್ನು ಒಪ್ಪಿಸಲು ಹಿರಿಯರೇ ಮಾಡಿಟ್ಟ ದಾರಿಯಿದೆ. ಅರಿಶಿನ ಹಚ್ಚಿದ ನೂಲಿಗೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿ, ಆಮೇಲೆ ಚಿನ್ನದ ಸರ ತೆಗೆಯಿರಿ. ದಾರದಲ್ಲೂ ಕೊಂಬಿನಲ್ಲೂ ಲೋಹವಿಲ್ಲ, ಯಂತ್ರದ ತಕರಾರಿಲ್ಲ. ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಚಿನ್ನವನ್ನು ಸೆಂಟರಿನ ಲಾಕರಿಗೆ ಹಾಕಿ ಜೀವ ಹಿಡಿದುಕೊಂಡು ಕೂರುವುದೂ ತಪ್ಪುತ್ತದೆ.

ಕಾಲುಂಗುರ ಊದಿದ ಬೆರಳಿನಿಂದ ಬರದಿದ್ದರೆ ಹಿಂದಿನ ರಾತ್ರಿಯೇ ಸೋಪಿನ ನೀರು ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಪ್ರಯತ್ನಿಸಿ. ಏನು ಮಾಡಿದರೂ ಬರಲಿಲ್ಲವೆಂದರೆ ಟೆಕ್ನಿಷಿಯನ್‌ಗೆ ತೋರಿಸಿ. ಬೆಳ್ಳಿ ಅಂಟುವ ಲೋಹವಲ್ಲ, ತಲೆಯ ಸ್ಕ್ಯಾನಿಂಗ್‌ನಲ್ಲಿ ಕಾಲ್ಬೆರಳು ಯಂತ್ರದಿಂದ ಸಾಕಷ್ಟು ದೂರವೂ ಇರುತ್ತದೆ. ಆದರೆ ಬಿಡಬಹುದೇ ಬೇಡವೇ ಎಂಬುದನ್ನು ಅವರೇ ಹೇಳಬೇಕು. ಮುಚ್ಚಿಟ್ಟುಕೊಂಡು ಹೋಗಬೇಡಿ.

ಮರೆತುಹೋಗುವ ಇನ್ನಷ್ಟು ವಸ್ತುಗಳು: ಮೂಗುಬೊಟ್ಟು ಮತ್ತು ಅದರ ತಿರುಪು, ಹೂ ಮುಡಿದಾಗ ಸಿಕ್ಕಿಸಿದ ಹೇರ್‌ಪಿನ್ನು (ಹೂ ತೆಗೆದರೂ ಪಿನ್ನು ಕೂದಲಲ್ಲೇ ಉಳಿದಿರುತ್ತದೆ), ಕಟ್ಟಿದ ಹಲ್ಲಿನ ಸೆಟ್ಟು, ಕಿವಿಯ ಮಿಷನ್ನು, ರವಿಕೆಯ ಹುಕ್ಕು, ಜರಿ ಸೀರೆ. ಸೆಂಟರಿನ ಗೌನು ಹಾಕಿಕೊಳ್ಳುವುದೇ ಒಳ್ಳೆಯದು. ಗಂಡಸರಾದರೆ ಉಡಿದಾರವನ್ನು ಮುಟ್ಟಿ ನೋಡಿ. ಅದಕ್ಕೆ ಕಟ್ಟಿದ ತಾಯಿತದೊಳಗೆ ತಾಮ್ರದ ತಗಡಿದೆಯೋ ಕಬ್ಬಿಣದ ಚೂರಿದೆಯೋ ಕಟ್ಟಿಸಿಕೊಂಡವರಿಗೇ ಗೊತ್ತಿರುವುದಿಲ್ಲ. ಅಂಗಡಿಯ ಕಾಡಿಗೆ, ಮಸ್ಕಾರಗಳಲ್ಲಿ ಕಬ್ಬಿಣದ ಆಕ್ಸೈಡ್ ಇರಬಹುದು. ಕಣ್ಣು, ಮಿದುಳಿನ ಸ್ಕ್ಯಾನ್ ಇದ್ದ ದಿನ ಹಚ್ಚಬೇಡಿ. ಮೈಗೆ ಅಂಟಿಸಿದ ಔಷಧದ ಪಟ್ಟಿಗಳ ಹಿಂಬದಿಯಲ್ಲಿ ಕೆಲವೊಮ್ಮೆ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಸಕ್ಕರೆ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ಕೂಡ ಇದೇ ಸಾಲಿನದು. ಎರಡನ್ನೂ ತೋರಿಸಿ. ಹಲ್ಲಿಗೆ ತುಂಬಿಸಿದ ಸಿಮೆಂಟು, ಬೆಳ್ಳಿ, ಕೈಯ ಮೆಹಂದಿ, ಇವಕ್ಕೆ ಚಿಂತೆ ಬೇಡ.

ಪ್ರ: ಗ್ರಿಲ್ ವರ್ಕ್‌ಶಾಪಿನಲ್ಲಿ 12 ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಮಂಡಿಗೆ ಎಂಆರ್‌ಐ ಮಾಡಿಸಲು ಹೋದರೆ, ಯಾವಾಗಲಾದರೂ ಕಣ್ಣಿಗೆ ಲೋಹದ ಚೂರು ಬಿದ್ದಿತ್ತೇ ಎಂದು ಫಾರಂನಲ್ಲಿ ಕೇಳಿದ್ದರು. ನೋವಿರುವುದು ಮಂಡಿಯಲ್ಲಿ, ಕಣ್ಣಿನ ವಿಚಾರ ಯಾಕೆ?
– ಮಂಡ್ಯ

ಉ: ಮಂಡಿ ಸ್ಕ್ಯಾನ್ ಮಾಡಿದರೂ ನೀವು ಇಡೀ ದೇಹದೊಂದಿಗೆ ಆ ಕೋಣೆಯೊಳಗೆ ಹೋಗುತ್ತೀರಿ. ಆಯಸ್ಕಾಂತಕ್ಕೆ ಮಂಡಿ ಬೇರೆ, ಕಣ್ಣು ಬೇರೆ ಎಂದಿಲ್ಲ.

ವೆಲ್ಡಿಂಗಿಗಿಂತ ಗ್ರೈಂಡಿಂಗ್ ಮಾಡುವಾಗ ಹಾರುವ ಕಬ್ಬಿಣದ ಪುಡಿ ಹೆಚ್ಚು ಅಪಾಯದ್ದು. ಕೂದಲೆಳೆಯಷ್ಟು ಸಣ್ಣ ಚೂರು ಕಣ್ಣುಗುಡ್ಡೆಯೊಳಗೆ ಹೊಕ್ಕು, ಎರಡು ದಿನ ಕೆಂಪಾಗಿ, ಆಮೇಲೆ ನೋವಿಲ್ಲದೆ ಅಲ್ಲೇ ಕೂತಿರಬಹುದು. ವರ್ಷಗಳ ನಂತರ ಎಂಆರ್‌ಐ ಕೋಣೆಗೆ ಹೋದಾಗ ಅದು ಅಲುಗಿದರೆ ಕಣ್ಣೊಳಗೆ ರಕ್ತಸ್ರಾವವಾಗಿ ದೃಷ್ಟಿಯೇ ಹೋಗಬಹುದು. ಹಾಗಾಗಿರುವುದು ವೈದ್ಯಕೀಯ ದಾಖಲೆಯಲ್ಲಿದೆ.

ಆದ್ದರಿಂದ ಫಾರಂನಲ್ಲಿ ಇಲ್ಲ ಎಂದು ಬೇಗ ಟಿಕ್ ಹಾಕಿ ಮುಗಿಸಬೇಡಿ. ‘ಒಂದು ಸಲ ಬಿದ್ದಿತ್ತು, ಡಾಕ್ಟರ ಹತ್ತಿರ ತೆಗೆಸಿದ್ದೆ’, ‘ಬಿದ್ದಿತ್ತು, ತಾನಾಗೇ ಹೋಯಿತು ಅನ್ನಿಸುತ್ತೆ’, ಇಷ್ಟೂ ಹೇಳಿ. ಅನುಮಾನವಿದ್ದರೆ ಕಣ್ಣಿನ ಗೂಡಿಗೆ ಮೊದಲು ಎಕ್ಸ್‌ರೇ ತೆಗೆಯುತ್ತಾರೆ. ಐದು ನಿಮಿಷದ ಕೆಲಸ. ಚೂರು ಕಾಣದಿದ್ದರೆ ನಿಶ್ಚಿಂತೆಯಿಂದ ಒಳಗೆ ಹೋಗಬಹುದು. ಲೇತ್ ಮಿಷನ್ನಿನವರಿಗೂ, ಮೈಯಲ್ಲಿ ಗುಂಡಿನ ಚೂರು ಉಳಿದ ಮಾಜಿ ಸೈನಿಕರಿಗೂ ಇದೇ ಮಾತು.

ಪ್ರ: ನಮ್ಮ ತಂದೆಯವರ ಸರದಿ ಬಂದಾಗ ಕೈ ಹಿಡಿದು ಒಳಗೆ ಬಿಟ್ಟುಬರಲು ಹೋದೆ. ಬಾಗಿಲಲ್ಲೇ ತಡೆದು ಗದರಿದರು. ಯಂತ್ರ ಇನ್ನೂ ಶುರುವಾಗಿರಲಿಲ್ಲ. ಇಷ್ಟು ಬಿಗಿ ಬೇಕೇ?
– ಪಾಂಡವಪುರ

ಉ: ಗದರುವ ಬದಲು ಬಿಡಿಸಿ ಹೇಳಬಹುದಿತ್ತು. ಆದರೆ ತಡೆದದ್ದು ಸರಿ. ‘ಯಂತ್ರ ಶುರುವಾಗಿರಲಿಲ್ಲ’ ಎನ್ನುವುದರಲ್ಲೇ ಎಲ್ಲರೂ ಎಡವುವುದು.

ಆ ಆಯಸ್ಕಾಂತ ಯಾವಾಗಲೂ ಆನ್ ಆಗಿರುತ್ತದೆ. ರಾತ್ರಿ ಸೆಂಟರಿಗೆ ಬೀಗ ಹಾಕಿದಾಗಲೂ, ಭಾನುವಾರವೂ, ಕರೆಂಟು ಹೋದಾಗಲೂ. ಅದರೊಳಗಿನ ತಂತಿ ಸುರುಳಿಗಳು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನ ತಂಪಿನಲ್ಲಿರುತ್ತವೆ. ಅಷ್ಟು ಚಳಿಯಲ್ಲಿ ಆ ತಂತಿಗೆ ವಿದ್ಯುತ್ ನಿರೋಧವೇ ಇರುವುದಿಲ್ಲ. ಒಮ್ಮೆ ಹರಿಸಿದ ಕರೆಂಟು ತಾನಾಗಿ ಸುತ್ತುತ್ತಲೇ ಇರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಇರುವುದು 1.5 ಟೆಸ್ಲಾ ಮತ್ತು 3 ಟೆಸ್ಲಾ ಯಂತ್ರಗಳು. 1.5 ಟೆಸ್ಲಾ ಎಂದರೆ ಭೂಮಿಯ ಆಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು.

ಈ ಸೆಳೆತ ನಿಧಾನವಾಗಿ ಏರುವುದಿಲ್ಲ. ಬಾಗಿಲ ಬಳಿ ಏನೂ ಅನ್ನಿಸುವುದಿಲ್ಲ, ಯಂತ್ರಕ್ಕೆ ಎರಡು ಹೆಜ್ಜೆ ಇರುವಾಗ ಕೈಯಲ್ಲಿದ್ದದ್ದು ಕಿತ್ತುಕೊಂಡು ಹೋಗಿರುತ್ತದೆ. ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯರನ್ನು ನೆನೆಸಿಕೊಳ್ಳಿ. ಚೀಲದಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿ. ಆ ಅಡಕತ್ತರಿ ಹಾರಿದರೆ ಯಂತ್ರದ ಬಾಯಲ್ಲಿ ತಲೆಯಿಟ್ಟು ಮಲಗಿದವರ ಮುಖವೇ ಅದರ ದಾರಿಯಲ್ಲಿರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋಗಿ, ಸಿಲಿಂಡರಿನ ಜೊತೆ ತಾವೂ ಎಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಅವರು ರೋಗಿಯಲ್ಲ, ಜೊತೆಗೆ ಬಂದವರು.

ಅಪಾಯವಾದಾಗ ಆಯಸ್ಕಾಂತ ನಿಲ್ಲಿಸಲು ಗುಂಡಿಯೇನೋ ಇದೆ. ಒತ್ತಿದರೆ ಹೀಲಿಯಂ ಕುದಿದು ಕೊಳವೆಯ ಮೂಲಕ ಕಟ್ಟಡದ ಹೊರಗೆ ಹೋಗುತ್ತದೆ. ಶಕ್ತಿ ಇಳಿಯಲು ಒಂದೆರಡು ನಿಮಿಷ ಹಿಡಿಯುತ್ತದೆ, ಮತ್ತೆ ಹೀಲಿಯಂ ತುಂಬಿಸಿ ಯಂತ್ರ ಎಬ್ಬಿಸಲು ದಿನಗಟ್ಟಲೆ ಸಮಯ, ಲಕ್ಷಗಟ್ಟಲೆ ಹಣ ಬೇಕು. ಹಾಗಾಗಿ ಬಾಗಿಲಲ್ಲಿ ತಡೆಯುವುದೇ ಉಳಿದ ದಾರಿ.

ತಂದೆಯವರ ಜೊತೆ ನೀವೂ ಒಳಗಿರಬಹುದು. ಆದರೆ ಅವರು ತುಂಬಿದ ಫಾರಂ ನೀವೂ ತುಂಬಬೇಕು, ಮೊಬೈಲು, ಬೀಗದ ಕೈ, ಚಿಲ್ಲರೆ, ಬೆಲ್ಟು, ಎಟಿಎಂ ಕಾರ್ಡು ಎಲ್ಲ ಹೊರಗಿಡಬೇಕು. ಅವರ ಊರುಗೋಲು, ವ್ಹೀಲ್‌ಚೇರೂ ಹೊರಗೇ. ಒಳಗೆ ಬಳಸಲು ಸೆಂಟರಿನವರ ಬಳಿ ಕಬ್ಬಿಣವಿಲ್ಲದ ಕುರ್ಚಿ, ಸ್ಟ್ರೆಚರ್ ಇರುತ್ತವೆ.

ಪ್ರ: ಲಿಫ್ಟಿನಲ್ಲೂ ಉಸಿರು ಕಟ್ಟಿದಂತಾಗುತ್ತದೆ ನನಗೆ. ಕುತ್ತಿಗೆಯ ಎಂಆರ್‌ಐ ಆಗಬೇಕಿದೆ. ಎರಡು ಸಲ ಟೈಮ್ ತೆಗೆದುಕೊಂಡು ಹೋಗದೆ ಉಳಿದೆ. ಒಳಗೆ ಏನೇನು ಆಗುತ್ತದೆ, ಎಷ್ಟು ಹೊತ್ತು, ಮಧ್ಯೆ ಎದ್ದು ಬರಬಹುದೇ? ದಯವಿಟ್ಟು ವಿವರವಾಗಿ ತಿಳಿಸಿ.
– ಶ್ರೀರಂಗಪಟ್ಟಣ

ಉ: ಮಧ್ಯೆ ಎದ್ದು ಬರಬಹುದು. ನೀವು ಹೇಳಿದ ತಕ್ಷಣ ಹೊರಗೆಳೆಯುತ್ತಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದನ್ನು ಓದಿ.

ಯಂತ್ರ ಎರಡೂ ಕಡೆ ತೆರೆದ ದಪ್ಪ ಕೊಳವೆ. ಒಳಗಿನ ಅಗಲ ಹಳೆಯ ಯಂತ್ರಗಳಲ್ಲಿ 60 ಸೆಂಟಿಮೀಟರ್, ಹೊಸ ಅಗಲಬಾಯಿಯವುಗಳಲ್ಲಿ 70. ಹತ್ತು ಸೆಂಟಿಮೀಟರ್ ಏನು ಮಹಾ ಎನ್ನಬೇಡಿ. ಮೂಗಿಗೂ ಚಾವಣಿಗೂ ನಡುವೆ ಸ್ವಲ್ಪ ಹೆಚ್ಚು ಜಾಗ ಸಿಕ್ಕರೂ ಜೀವ ನಿರಾಳವಾಗುತ್ತದೆ. ಟೈಮ್ ಕೊಡಿಸಿಕೊಳ್ಳುವಾಗಲೇ ‘ನಿಮ್ಮದು 70 ಸೆಂಟಿಮೀಟರ್ ಯಂತ್ರವೇ?’ ಎಂದು ಫೋನಿನಲ್ಲಿ ಕೇಳಿ. ಮೈಸೂರಿನಂಥ ಊರಿನಲ್ಲಿ ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ವಿಚಾರಿಸಬಹುದು. ‘ಓಪನ್ ಎಂಆರ್‌ಐ’ ಎಂದು ಬರೆದಿರುವ ಯಂತ್ರಗಳೂ ಇವೆ. ಅವುಗಳ ಆಯಸ್ಕಾಂತ ಸಾಮಾನ್ಯವಾಗಿ ಕಡಿಮೆ ಶಕ್ತಿಯದು, ಚಿತ್ರ ಅಷ್ಟು ನುಣುಪಾಗಿರುವುದಿಲ್ಲ. ಕುತ್ತಿಗೆಯ ನರ ನೋಡಬೇಕಾದಾಗ ನಮ್ಮ ಆಯ್ಕೆ ಅಗಲಬಾಯಿಯ 1.5 ಟೆಸ್ಲಾ.

ಒಳಗೆ ಹೋದ ಮೇಲೆ ಹಲಗೆಯಂಥ ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ಕೋಣೆ ತಂಪಾಗಿರುತ್ತದೆ, ಹೊದಿಕೆ ಕೇಳಿ ಪಡೆಯಿರಿ. ಮಂಡಿಯ ಕೆಳಗೆ ದಿಂಬು ಕೊಟ್ಟರೆ ಬೆನ್ನು ನೋಯುವುದಿಲ್ಲ, ಇದನ್ನೂ ಕೇಳಿ. ಕಿವಿಗೆ ಮೊದಲು ಸ್ಪಂಜಿನ ಪ್ಲಗ್. ಅದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅರಳುವವರೆಗೆ ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗಿಟ್ಟ ಪ್ಲಗ್ ಏನೂ ತಡೆಯುವುದಿಲ್ಲ. ಪ್ಲಗ್ಗಿನ ಮೇಲೆ ಹೆಡ್‌ಫೋನ್ ಹಾಕುತ್ತಾರೆ. ಕೈಗೆ ಒಂದು ರಬ್ಬರ್ ಬಲ್ಬು ಕೊಡುತ್ತಾರೆ, ಬಿಪಿ ನೋಡುವ ಬಲ್ಬಿನಂತೆಯೇ ಇರುತ್ತದೆ. ಅದೇ ನಿಮ್ಮ ಗಂಟೆ. ಕೊಟ್ಟ ಕೂಡಲೇ ಒಮ್ಮೆ ಅದುಮಿ, ಕೆಲಸ ಮಾಡುತ್ತದೆಯೇ ನೋಡಿಕೊಳ್ಳಿ.

ತಲೆ, ಕುತ್ತಿಗೆಯ ಸ್ಕ್ಯಾನಿಗೆ ಮುಖದ ಮೇಲೆ ಪಂಜರದಂಥ ಕಾಯಿಲ್ ಬರುತ್ತದೆ. ಯಂತ್ರದೊಳಗೆ ಹೋಗುವುದಕ್ಕಿಂತ ಇದನ್ನು ಮುಚ್ಚುವ ಗಳಿಗೆಯಲ್ಲೇ ಹೆಚ್ಚು ಮಂದಿ ಗಾಬರಿಯಾಗುವುದು. ದೇಹದೊಳಗಿನ ಸಂಕೇತ ತೀರಾ ಕ್ಷೀಣ, ಅದನ್ನು ಹಿಡಿಯುವ ಆಂಟೆನಾ ಹತ್ತಿರವೇ ಇರಬೇಕು, ಅದಕ್ಕೇ ಈ ಪಂಜರ. ಅನೇಕ ಕಾಯಿಲ್‌ಗಳಲ್ಲಿ ಓರೆ ಕನ್ನಡಿ ಇರುತ್ತದೆ. ಮಲಗಿದಲ್ಲಿಂದಲೇ ನಿಮ್ಮ ಪಾದ, ಅದರಾಚೆ ಗಾಜಿನ ಹಿಂದೆ ಕೂತ ಟೆಕ್ನಿಷಿಯನ್ ಕಾಣುತ್ತಾರೆ. ಅಥವಾ ಇದಕ್ಕೆ ತದ್ವಿರುದ್ಧ ಉಪಾಯ: ಕಾಯಿಲ್ ಮುಚ್ಚುವ ಮೊದಲೇ ಕಣ್ಣಿನ ಮೇಲೆ ಮಡಿಸಿದ ಬಟ್ಟೆ ಹಾಕಿಸಿಕೊಂಡು, ಎಲ್ಲ ಮುಗಿದು ಹೊರಬರುವವರೆಗೂ ಕಣ್ಣು ಬಿಡದಿರುವುದು. ಕೊಳವೆಯನ್ನು ನೋಡದವರಿಗೆ ಅದು ಇಕ್ಕಟ್ಟು ಎಂದು ಗೊತ್ತಾಗುವುದೂ ಕಡಿಮೆ. ಒಳಗೆ ಹೋದ ಮೇಲೆ ಕಣ್ಣು ಮುಚ್ಚಿದರೆ ಪ್ರಯೋಜನವಿಲ್ಲ, ಮೊದಲೇ ಮುಚ್ಚಬೇಕು.

ಕೈ ಜೋಡಿಸಿ ಎದೆಯ ಮೇಲೆ ಇಟ್ಟುಕೊಳ್ಳಬೇಡಿ, ಕಾಲು ಕತ್ತರಿ ಹಾಕಬೇಡಿ. ಚರ್ಮಕ್ಕೆ ಚರ್ಮ ತಾಗಿದರೆ ದೇಹವೇ ಒಂದು ಬಳೆಯಾಗಿ ತರಂಗ ಅಲ್ಲಿ ಸುತ್ತಿ ತಾಗಿದ ಜಾಗ ಸುಡಬಹುದು. ತೋಳಿಗೂ ಕೊಳವೆಯ ಗೋಡೆಗೂ ನಡುವೆ ದಿಂಬು ಇಡುವುದು ಇದಕ್ಕೇ. ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ, ಒಂದೇ ಕಡೆ ಚುರುಗುಟ್ಟಿದರೆ ಬಲ್ಬು ಒತ್ತಿ.

ಇನ್ನು ಸದ್ದು. ಬೋರ್‌ವೆಲ್ ಲಾರಿ ಪಕ್ಕದ ಸೈಟಿನಲ್ಲಿ ಕೊರೆಯುತ್ತಿದೆಯೇನೋ ಎನ್ನುವಂತೆ ಟಕಟಕ, ಆಮೇಲೆ ಗುರ್ರ್, ಸ್ವಲ್ಪ ಹೊತ್ತು ಮೌನ, ಮತ್ತೆ ಬೇರೆಯದೇ ರಾಗ. ಚಿತ್ರದ ಜಾಗ ಗುರುತಿಸಲು ಕೆಲವು ಸುರುಳಿಗಳಿಗೆ ಕ್ಷಣಕ್ಷಣಕ್ಕೂ ಕರೆಂಟು ಕೊಟ್ಟು ತೆಗೆಯುತ್ತಾರೆ. ಆ ದೊಡ್ಡ ಆಯಸ್ಕಾಂತದ ನಡುವೆ ಅವು ಪ್ರತಿ ಸಲವೂ ಅದಿರುತ್ತವೆ. ಸದ್ದು ಆ ಅದಿರಾಟದ್ದು, ಯಂತ್ರ ಕೆಟ್ಟಿದ್ದರಿಂದಲ್ಲ. ಕೆಲವು ರಾಗಗಳು 100 ಡೆಸಿಬೆಲ್ ದಾಟುತ್ತವೆ, ಹಾಗಾಗಿ ಪ್ಲಗ್ಗಿಗೆ ರಿಯಾಯಿತಿಯಿಲ್ಲ.

ಕುತ್ತಿಗೆಗೆ 20ರಿಂದ 30 ನಿಮಿಷ ಸಾಕು. ಅದು ಒಂದೇ ಸಮನೆ ನಡೆಯುವ ಕೆಲಸವಲ್ಲ, ಎರಡರಿಂದ ಐದು ನಿಮಿಷದ ಕಂತುಗಳು. ‘ಪ್ರತಿ ಕಂತಿಗೂ ಮೊದಲು ಎಷ್ಟು ನಿಮಿಷ ಅಂತ ಮೈಕಿನಲ್ಲಿ ಹೇಳಿ’ ಎಂದು ಟೆಕ್ನಿಷಿಯನ್‌ಗೆ ಮೊದಲೇ ಹೇಳಿಡಿ. ಅರ್ಧ ಗಂಟೆ ಸಹಿಸುವುದು ಕಷ್ಟ, ‘ಇದು ಮೂರು ನಿಮಿಷ’ ಎಂದರೆ ಯಾರಾದರೂ ತಡೆದುಕೊಳ್ಳುತ್ತಾರೆ. ಸದ್ದು ಬರುವಾಗ ಅಲುಗಬೇಡಿ. ಎಂಜಲು ನುಂಗುವುದು, ಕೆಮ್ಮುವುದು ಕಂತುಗಳ ನಡುವಿನ ಮೌನದಲ್ಲಿ ಮಾಡಿ. ಕುತ್ತಿಗೆಯ ಸ್ಕ್ಯಾನಿನಲ್ಲಿ ನುಂಗುವುದೇ ಚಿತ್ರ ಕೆಡಿಸುವ ಮೊದಲ ಕಳ್ಳ.

ಇಷ್ಟಾದರೂ ಧೈರ್ಯ ಬರದಿದ್ದರೆ ಸ್ಕ್ಯಾನ್ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಸೌಮ್ಯವಾದ ಮಾತ್ರೆ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತೆಗೆದುಕೊಳ್ಳುವಂಥದ್ದಲ್ಲ. ಮಾತ್ರೆ ನುಂಗಿದ ದಿನ ಸ್ಕೂಟರ್ ಮುಟ್ಟಬೇಡಿ, ಜೊತೆಗೊಬ್ಬರು ಇರಲಿ.

ಪ್ರ: ಎಂಆರ್‌ಐನಿಂದ ರೇಡಿಯೇಷನ್ ಎಷ್ಟು? ಒಂದೇ ವರ್ಷದಲ್ಲಿ ಮೂರು ಸಲ ಆಗಿದೆ.
– ಮದ್ದೂರು

ಉ: ಎಕ್ಸ್‌ರೇ, ಸಿಟಿ ಸ್ಕ್ಯಾನಿನಲ್ಲಿರುವ ವಿಕಿರಣ ಇದರಲ್ಲಿ ಇಲ್ಲವೇ ಇಲ್ಲ. ಇಲ್ಲಿರುವುದು ಆಯಸ್ಕಾಂತ ಮತ್ತು ರೇಡಿಯೋ ತರಂಗ. ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದಲ್ಲ, 1.5 ಟೆಸ್ಲಾ ಯಂತ್ರ ಅದಕ್ಕಿಂತ ಕೆಳಗೆ 64ರ ಸುಮಾರಿನಲ್ಲಿ, 3 ಟೆಸ್ಲಾ ಯಂತ್ರ ಅದಕ್ಕಿಂತ ಮೇಲೆ 128ರ ಸುಮಾರಿನಲ್ಲಿ ಕೆಲಸ ಮಾಡುತ್ತದೆ. ಹೊರಗಿನ ರೇಡಿಯೋ ಒಳಗೆ ಬಂದು ಚಿತ್ರದ ಮೇಲೆ ಗೆರೆ ಎಳೆಯದಿರಲಿ ಎಂದು ಕೋಣೆಯ ಗೋಡೆಗೆಲ್ಲ ತಾಮ್ರದ ಹೊದಿಕೆ ಹಾಕಿರುತ್ತಾರೆ. ಮೂರು ಸಲ ಆಗಿದ್ದಕ್ಕೆ ಲೆಕ್ಕ ಇಡಬೇಕಿಲ್ಲ.

ಪ್ರ: ತಾಯಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆಯ ಅಂಕಿ) ಸ್ವಲ್ಪ ಏರಿದೆ. ಹೊಟ್ಟೆಯ ಎಂಆರ್‌ಐ ‘ಕಾಂಟ್ರಾಸ್ಟ್ ಸಹಿತ’, ಅಂದರೆ ಚಿತ್ರ ಸ್ಪಷ್ಟವಾಗಲು ಇಂಜೆಕ್ಷನ್ ಕೊಟ್ಟು, ಎಂದು ಬರೆದಿದ್ದಾರೆ. ಇಂಜೆಕ್ಷನ್ ಕಿಡ್ನಿ ಹಾಳು ಮಾಡುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಖಾಲಿ ಹೊಟ್ಟೆಯಲ್ಲೂ ಇರಬೇಕಂತೆ.
– ನಂಜನಗೂಡು

ಉ: ನೆಂಟರು ಎರಡು ಔಷಧಗಳನ್ನು ಕಲಸಿದ್ದಾರೆ. ಕಿಡ್ನಿಯ ಬಗ್ಗೆ ಹೆಚ್ಚು ಮಾತು ಕೇಳಿಬರುವುದು ಸಿಟಿ ಸ್ಕ್ಯಾನಿನ ಅಯೋಡಿನ್ ಔಷಧದ ವಿಚಾರದಲ್ಲಿ. ಎಂಆರ್‌ಐಗೆ ಕೊಡುವುದು ಗ್ಯಾಡೋಲಿನಿಯಂ ಎಂಬ ಬೇರೆಯದೇ ವಸ್ತು. ಸಾಮಾನ್ಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಲೀಟರ್. ತಾಯಿ 60 ಕಿಲೋ ಇದ್ದರೆ ಸುಮಾರು 12 ಮಿಲಿ, ಅಂದರೆ ಮೂರು ಚಹಾ ಚಮಚೆಗಿಂತಲೂ ಕಡಿಮೆ.

ಆದರೂ ಕಿಡ್ನಿ ಲೆಕ್ಕಕ್ಕೆ ಬರುತ್ತದೆ, ಬೇರೆ ಕಾರಣಕ್ಕೆ. ಕಿಡ್ನಿ ತೀರಾ ಸೋತಿದ್ದರೆ ಗ್ಯಾಡೋಲಿನಿಯಂ ಹೊರಹೋಗದೆ ಉಳಿದು, ಚರ್ಮ ಗಟ್ಟಿಯಾಗಿ ಕೀಲು ಬಗ್ಗದಂತಾಗುವ ಅಪರೂಪದ ತೊಂದರೆ ಬರಬಹುದು. ಹೆಚ್ಚು ಕಂಡದ್ದು ಹಳೆಯ ಮಾದರಿಯ ಔಷಧಗಳಲ್ಲಿ. ಈಗ ಹೆಚ್ಚು ಬಳಕೆಯಲ್ಲಿರುವ ‘ಮ್ಯಾಕ್ರೋಸೈಕ್ಲಿಕ್’ ಜಾತಿಯವುಗಳಲ್ಲಿ ಆ ಅಪಾಯ ಅತ್ಯಲ್ಪ. ಕ್ರಿಯಾಟಿನಿನ್ ‘ಸ್ವಲ್ಪ ಏರಿದೆ’ ಎಂಬುದು ನಮಗೆ ಸಾಲದು. ಅದರಿಂದ ಲೆಕ್ಕ ಹಾಕುವ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಅಂಕಿ ಬೇಕು. ಅದು 30ಕ್ಕಿಂತ ಕೆಳಗಿದ್ದರೆ ಅಥವಾ ಡಯಾಲಿಸಿಸ್ ನಡೆಯುತ್ತಿದ್ದರೆ, ಇಂಜೆಕ್ಷನ್ ಬೇಕೇ, ಯಾವುದು ಎಂದು ರೇಡಿಯಾಲಜಿಸ್ಟ್ ತೀರ್ಮಾನಿಸುತ್ತಾರೆ. ಇತ್ತೀಚಿನ ರಕ್ತಪರೀಕ್ಷೆಯ ಚೀಟಿ ಜೊತೆಗಿರಲಿ. ಇಲ್ಲದಿದ್ದರೆ ಅಲ್ಲಿಂದ ಲ್ಯಾಬಿಗೆ ಕಳಿಸಿ, ಸರದಿ ಹೋಗಿ, ಸಂಜೆಯಾಗುತ್ತದೆ.

ಸೂಜಿ ಹಾಕಿ ಔಷಧ ಬಿಟ್ಟಾಗ ತೋಳಿನಲ್ಲಿ ತಣ್ಣಗೆ ಹರಿದಂತೆ, ಬಾಯಲ್ಲಿ ತಾಮ್ರದ ರುಚಿಯಂತೆ ಅನ್ನಿಸಬಹುದು. ಸೂಜಿಯ ಜಾಗದಲ್ಲಿ ಉರಿದು ಊದಿಕೊಂಡರೆ ಔಷಧ ನಾಳದ ಹೊರಗೆ ಹೋಗುತ್ತಿದೆ ಎಂದರ್ಥ, ಬಲ್ಬು ಒತ್ತಲು ಹೇಳಿಕೊಡಿ. ಅಲರ್ಜಿ ವಿರಳ. ಹಿಂದೆ ಆಗಿದ್ದರೆ ಮೊದಲೇ ತಿಳಿಸಿ, ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿದ್ದು ಹೊರಡಿ. ಇದೇ ಪ್ರಶ್ನೆ ಕೇಳಿದ ಬಾಣಂತಿಯೊಬ್ಬರಿಗೆ: ಮಗುವಿಗೆ ಹಾಲು ನಿಲ್ಲಿಸಬೇಕಿಲ್ಲ. ಬಸುರಿಯರಿಗೆ ಮಾತ್ರ ಈ ಇಂಜೆಕ್ಷನ್ ಬಿಟ್ಟುಬಿಡುವುದು ರೂಢಿ, ತೀರಾ ಅನಿವಾರ್ಯವಾದರಷ್ಟೇ ಕೊಡುತ್ತಾರೆ.

ಹೊಟ್ಟೆಯ ಸ್ಕ್ಯಾನಿಗೆ ನಾಲ್ಕರಿಂದ ಆರು ಗಂಟೆ ಉಪವಾಸ. ಊಟ ಮಾಡಿದರೆ ಕರುಳು ಕುಣಿಯುತ್ತದೆ, ಪಿತ್ತಕೋಶ ಮುದುಡುತ್ತದೆ. ಸಕ್ಕರೆಯವರು ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಬೇಕು. ಊಟ ಬಿಟ್ಟು ಇನ್ಸುಲಿನ್ ಮಾತ್ರ ಎಂದಿನಂತೆ ಚುಚ್ಚಿಕೊಂಡರೆ ಕಾಯುವ ಬೆಂಚಿನಲ್ಲೇ ಸಕ್ಕರೆ ಇಳಿದು ಬೆವರುತ್ತಾರೆ. ಡೋಸ್ ಬಗ್ಗೆ ಹಿಂದಿನ ದಿನವೇ ಅವರ ಡಾಕ್ಟರನ್ನು ಕೇಳಿ. ಮುಗಿದ ಮೇಲೆ ತಿನ್ನಲು ಏನಾದರೂ ಚೀಲದಲ್ಲಿರಲಿ. ತಲೆ, ಬೆನ್ನು, ಮಂಡಿಯ ಸ್ಕ್ಯಾನಿಗೆ ಉಪವಾಸ ಬೇಡ.

ಇನ್ನೊಂದು ಅಭ್ಯಾಸ ಮಾಡಿಸಿ. ಹೊಟ್ಟೆಯ ಸ್ಕ್ಯಾನಿನಲ್ಲಿ ‘ಉಸಿರು ತಗೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ’ ಎಂದು ಹೇಳುತ್ತಾರೆ, 15ರಿಂದ 20 ಸೆಕೆಂಡು. ಉಸಿರು ಬಿಟ್ಟ ಮೇಲೆ ಹಿಡಿಯುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಮನೆಯಲ್ಲಿ ಗಡಿಯಾರ ನೋಡಿಕೊಂಡು ಎರಡು ದಿನ ಮಾಡಿಸಿದರೆ ಅಲ್ಲಿ ತಡವರಿಸುವುದಿಲ್ಲ.

ಪ್ರ: ಸೊಂಟ ನೋವು ಶುರುವಾಗಿ ಮೂರು ವಾರ. ಡಾಕ್ಟರು ಮಾತ್ರೆ, ವ್ಯಾಯಾಮ ಹೇಳಿದರೇ ಹೊರತು ಎಂಆರ್‌ಐ ಬರೆಯಲಿಲ್ಲ. ನಾನೇ ದುಡ್ಡು ಕೊಟ್ಟು ಮಾಡಿಸಿಬಿಡಲೇ? ವಯಸ್ಸು 50, ಬೇಸಾಯ.
– ಮಳವಳ್ಳಿ

ಉ: ಬೇಡ. ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ. ಇಂಥ ನೋವು ಬಹುಮಂದಿಗೆ ಆರು ವಾರದೊಳಗೆ ತಗ್ಗುತ್ತದೆ. ಈಗ ಮಾಡಿಸಿದರೆ ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬರುವ ಸಾಧ್ಯತೆ ಹೆಚ್ಚು. ಆ ಎರಡು ಪದ ನಿಮ್ಮ ನೋವಿಗಿಂತ ಹೆಚ್ಚು ನಿದ್ದೆಗೆಡಿಸುತ್ತವೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 50ರ ವಯಸ್ಸಿನ ನೂರರಲ್ಲಿ 60 ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡಿತ್ತು. ತಲೆ ನರೆತಂತೆ ಡಿಸ್ಕೂ ಸವೆಯುತ್ತದೆ.

ಕಾಯಬಾರದ ಲಕ್ಷಣಗಳು ಬೇರೆ ಇವೆ. ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಇವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಹತ್ತಿರವಿದ್ದದ್ದಕ್ಕೆ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಇವನ್ನೂ ಡಾಕ್ಟರಿಗೆ ತಪ್ಪದೆ ಹೇಳಿ.

ಪ್ರ: ಮೈಯೊಳಗೆ ಲೋಹ ಇದ್ದವರಿಗೆ ಎಂಆರ್‌ಐ ಸಾಧ್ಯವೇ ಇಲ್ಲವೇ? ನಮ್ಮ ಮನೆಯಲ್ಲೇ ಮೂವರಿದ್ದಾರೆ: ಅಪ್ಪನಿಗೆ ಹೃದಯದ ಸ್ಟೆಂಟ್, ಅಣ್ಣನಿಗೆ ತೊಡೆಯಲ್ಲಿ ರಾಡ್, ಅವನ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಶಸ್ತ್ರಚಿಕಿತ್ಸೆಯಿಂದ ಒಳಗಿಡುವ ಸಾಧನ).
– ಸರಸ್ವತಿಪುರಂ, ಮೈಸೂರು

ಉ: ಮೂವರಿಗೂ ಮೂರು ಉತ್ತರ. ಈಗ ಬಳಕೆಯಲ್ಲಿರುವ ಹೃದಯದ ಸ್ಟೆಂಟ್‌ಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ವಾರಗಟ್ಟಲೆ ಕಾಯಬೇಕೆಂಬುದು ಹಳೆಯ ಮಾತು. ಅಣ್ಣನ ರಾಡ್ ಮೂಳೆಗೆ ಬಿಗಿದು ಕೂತಿರುತ್ತದೆ, ಕಿತ್ತು ಬರುವುದಿಲ್ಲ. ಟೈಟಾನಿಯಂ ಆದರೆ ಚಿತ್ರಕ್ಕೂ ಕಡಿಮೆ ತೊಂದರೆ, ಸ್ಟೀಲ್ ಆದರೆ ಸುತ್ತಮುತ್ತ ದೊಡ್ಡ ಕಪ್ಪು ನೆರಳು.

ಮಗುವಿನ ವಿಚಾರದಲ್ಲಿ ಮಾತ್ರ ಆತುರ ಬೇಡ. ಕಾಕ್ಲಿಯರ್ ಇಂಪ್ಲಾಂಟ್‌ನ ಒಳಭಾಗದಲ್ಲೇ, ಕಿವಿಯ ಹಿಂದೆ ಚರ್ಮದಡಿಯಲ್ಲಿ, ಆಯಸ್ಕಾಂತವಿದೆ. ಕೆಲವು ಮಾಡೆಲ್‌ಗಳಿಗೆ 1.5 ಟೆಸ್ಲಾದವರೆಗೆ ತಲೆಗೆ ಬಿಗಿಯಾಗಿ ಬ್ಯಾಂಡೇಜು ಸುತ್ತಿ ಮಾಡಬಹುದು, ಕೆಲವು ಹೊಸವು 3 ಟೆಸ್ಲಾ ತಾಳುತ್ತವೆ, ಇನ್ನು ಕೆಲವಕ್ಕೆ ಮೊದಲು ಆಯಸ್ಕಾಂತವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಮಾಡೆಲ್ ನಂಬರ್ ಇಲ್ಲದೆ ಯಾರೂ ಹೇಳಲಾರರು. ಇಂಪ್ಲಾಂಟ್ ಕಾರ್ಡ್ ಕಳೆದಿದ್ದರೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಲ್ಲಿ, ಇಲ್ಲವೇ ಮ್ಯಾಪಿಂಗ್, ಅಂದರೆ ಇಂಪ್ಲಾಂಟ್‌ನ ಸೆಟ್ಟಿಂಗ್ ಹೊಂದಿಸುವುದನ್ನು, ಮಾಡಿಸುವ ಕಡೆ (ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಾದರೆ ಅಲ್ಲೇ) ದಾಖಲೆಯಿಂದ ಬರೆಸಿಕೊಳ್ಳಿ. ಹೊರಗೆ ಹಾಕುವ ಮಿಷನ್ನಂತೂ ಕೋಣೆಯೊಳಗೆ ಹೋಗುವಂತೆಯೇ ಇಲ್ಲ.

ಪೇಸ್‌ಮೇಕರ್ ಇದ್ದವರಿಗೂ ಇದೇ ಕ್ರಮ: ಕಾರ್ಡ್ ತನ್ನಿ. ‘ಎಂಆರ್ ಕಂಡೀಷನಲ್’ (ಷರತ್ತುಗಳೊಂದಿಗೆ ಎಂಆರ್‌ಐ ಮಾಡಬಹುದು) ಎಂದಿದ್ದರೆ ಸ್ಕ್ಯಾನಿಗೆ ಮೊದಲು ಅದರ ಸೆಟ್ಟಿಂಗ್ ಬದಲಿಸಿ, ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಬೇಕು. ಮಿದುಳಿನ ರಕ್ತನಾಳಕ್ಕೆ ಹಿಂದೆಂದೋ ಕ್ಲಿಪ್ ಹಾಕಿಸಿಕೊಂಡು ಕಾಗದ ಕಳೆದುಕೊಂಡವರನ್ನು ಒಳಗೆ ಬಿಡುವುದಿಲ್ಲ. ಜಗಳವಾಡಿ ಪ್ರಯೋಜನವಿಲ್ಲ. ಕಾಪರ್ ಟಿ ಇದ್ದರೆ ತಿಳಿಸಿದರೆ ಸಾಕು.

ಪ್ರ: ಮೂರು ವರ್ಷದ ಮಗುವನ್ನು ಅಲುಗದಂತೆ ಮಲಗಿಸುವುದು ಹೇಗೆ?
– ಕೆ.ಆರ್. ಪೇಟೆ

ಉ: ಆ ವಯಸ್ಸಿಗೆ ಅರಿವಳಿಕೆ ವೈದ್ಯರು ಇರುವ ಕಡೆಯೇ ಮಾಡಿಸಿ. ನಿದ್ದೆ ಬರಿಸುವ ಮುನ್ನ ಆರು ಗಂಟೆ ಅನ್ನ, ಬಿಸ್ಕತ್ತು, ಹಸುವಿನ ಹಾಲು ಯಾವುದೂ ಇಲ್ಲ, ತಾಯಿಹಾಲು ನಾಲ್ಕು ಗಂಟೆ ಮೊದಲು ನಿಲ್ಲಿಸಬೇಕು, ಬರೀ ನೀರು ಎರಡು ಗಂಟೆ ಮೊದಲಿನವರೆಗೆ. ಅಜ್ಜಿ ಕದ್ದು ಕೊಟ್ಟ ಒಂದು ಬಿಸ್ಕತ್ತು ವಾಂತಿಯಾಗಿ ಶ್ವಾಸನಾಳಕ್ಕೆ ಹೋದರೆ ಅನಾಹುತ. ಶೀತ, ಕೆಮ್ಮು ಇದ್ದರೆ ಫೋನ್ ಮಾಡಿ ದಿನ ಮುಂದೂಡಿ.

ಪ್ರ: ಮಂಡಿಯ ಸ್ಕ್ಯಾನ್ ಆಗಿ ಎರಡನೇ ದಿನ ‘ಚಿತ್ರ ಸರಿ ಬಂದಿಲ್ಲ, ಮತ್ತೆ ಬನ್ನಿ’ ಎಂದು ಕರೆದರು. ತಪ್ಪು ಯಾರದು? ಫಿಲಂ, ಸಿಡಿ ಎರಡೂ ಬೇಕೇ?
– ಹುಣಸೂರು

ಉ: ಹೆಚ್ಚಿನ ಸಲ ಕಾಲು ಅಲುಗಿರುತ್ತದೆ. ಯಂತ್ರ ಫೋಟೋ ತೆಗೆದಂತೆ ಒಂದೇ ಏಟಿಗೆ ಚಿತ್ರ ತೆಗೆಯುವುದಿಲ್ಲ, ಸಾಲು ಸಾಲಾಗಿ ಸಂಕೇತ ಕೂಡಿಸುತ್ತದೆ. ನಾಲ್ಕು ನಿಮಿಷದ ಕಂತಿನ ಕೊನೆಯಲ್ಲಿ ಜೊಂಪು ಹತ್ತಿ ಕಾಲು ಜಗ್ಗಿದರೂ ಇಡೀ ಕಂತಿನ ಚಿತ್ರದ ಮೇಲೆ ಅಲೆ ಅಲೆಯಾಗಿ ನೆರಳು ಬೀಳುತ್ತದೆ. 1977ರಲ್ಲಿ ಅಮೆರಿಕದಲ್ಲಿ ಮನುಷ್ಯನ ಎದೆಯ ಮೊದಲ ಚಿತ್ರ ತೆಗೆಯಲು ಸುಮಾರು ಐದು ಗಂಟೆ ಹಿಡಿದಿತ್ತು, ಅದಕ್ಕೆ ಹೋಲಿಸಿದರೆ ನಮ್ಮ 25 ನಿಮಿಷ ಏನೂ ಅಲ್ಲ. ಆದರೆ ಚಿತ್ರ ಕೆಟ್ಟಿದ್ದನ್ನು ಟೆಕ್ನಿಷಿಯನ್ ಅಲ್ಲಿಯೇ ಪರದೆಯಲ್ಲಿ ನೋಡಿ ಆ ಕಂತನ್ನು ಮತ್ತೆ ತೆಗೆಯಬೇಕಿತ್ತು. ಎರಡು ದಿನ ಬಿಟ್ಟು ಕರೆದದ್ದು ಅವರ ಕಡೆಯ ಲೋಪ, ಎರಡನೇ ಸಲಕ್ಕೆ ದುಡ್ಡು ಕೊಡಬೇಡಿ. ಹೋಗುವಾಗ ಮಂಡಿಗೆ ದಿಂಬು ಬಿಗಿಯಾಗಿ ಕಟ್ಟಿಸಿಕೊಳ್ಳಿ, ಮೊದಲೇ ಶೌಚಕ್ಕೆ ಹೋಗಿಬನ್ನಿ.

ಸಿಡಿ ಖಂಡಿತ ಕೇಳಿ. ಫಿಲಂನಲ್ಲಿ ಆಯ್ದ ಕೆಲವೇ ಚಿತ್ರಗಳಿರುತ್ತವೆ, ಸಿಡಿಯಲ್ಲಿ ನೂರಾರು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಬೇಕಾಗುವುದು ಅದೇ. ಮೊಬೈಲಿನಲ್ಲಿ ಫಿಲಂನ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಸಣ್ಣ ಸೀಳು ಕಾಣುವುದಿಲ್ಲ. ಫಿಲಂ ಚೆನ್ನಾಗಿರಲೆಂದು ಲ್ಯಾಮಿನೇಟ್ ಮಾಡಿಸುವವರಿದ್ದಾರೆ. ಈಗಿನ ಒಣ ಫಿಲಂಗಳು ಬಿಸಿ ತಾಗಿದರೆ ಕಪ್ಪಾಗುವಂಥವು, ಲ್ಯಾಮಿನೇಷನ್ ಮಿಷನ್ನಿನಿಂದ ಹೊರಬರುವಾಗ ಚಿತ್ರ ಮಸಿಯಾಗಿರುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡದೆ ಅದರ ಕವರಿನಲ್ಲೇ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಮುಂದಿನ ಸ್ಕ್ಯಾನಿಗೆ ಹೋಗುವಾಗ ಈ ಹಳೆಯ ಫಿಲಂ, ಸಿಡಿ, ರಿಪೋರ್ಟು ಮೂರನ್ನೂ ಒಯ್ಯಿರಿ.